ರೂಮಿನಲ್ಲಿ ಗಾಂಜಾ ಸಿಕ್ಕಿತು, ಅದು ನಮ್ಮ ಹುಡುಗನದಲ್ಲ: ಕೇಸು ಎದುರಿಸುವುದು ಹೇಗೆ?

ಮೂವರು ಹುಡುಗರು ಸೇರಿ ಬೆಂಗಳೂರಿನಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದಾರೆ ಅಂತಿಟ್ಟುಕೊಳ್ಳಿ. ಒಂದು ಸಂಜೆ ಪೊಲೀಸರು ಬರುತ್ತಾರೆ. ಹಾಲ್‌ನ ಅಟ್ಟದ ಮೇಲೆ, ಹಳೆಯ ಸೂಟ್‌ಕೇಸಿನ ಹಿಂದೆ, ಒಂದೂವರೆ ಕೆಜಿ ಗಾಂಜಾ ಸಿಗುತ್ತದೆ. ಮೂವರ ಹೆಸರೂ ಎಫ್‌ಐಆರ್‌ಗೆ ಹೋಗುತ್ತದೆ. ಎ1, ಎ2, ಎ3, ಅಂದರೆ ಮೊದಲ, ಎರಡನೇ, ಮೂರನೇ ಆರೋಪಿ. ಈ ಎ3 ಆ ಮನೆಗೆ ಬಂದು ಹನ್ನೆರಡೇ ದಿನ ಆಗಿದೆ. ಅವನ ಜೇಬಿನಲ್ಲಿ ಏನೂ ಸಿಕ್ಕಿಲ್ಲ, ಬ್ಯಾಗಿನಲ್ಲೂ ಸಿಕ್ಕಿಲ್ಲ. ಆದರೂ ಅವನು ಠಾಣೆಯಲ್ಲಿದ್ದಾನೆ. ಅವನ ಅಪ್ಪ ಅಮ್ಮ ಹಾಸನದಿಂದ ರಾತ್ರಿ ಬಸ್ ಹತ್ತಿದ್ದಾರೆ.

ಇಂಥ ಅಪ್ಪ ಅಮ್ಮಂದಿರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕೋರ್ಟಿನ ಕಾರಿಡಾರಿನಲ್ಲಿ ಅವರನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಅವರು ಒಂದೇ ಮಾತು ಹೇಳುತ್ತಾರೆ, "ಸಾರ್, ಅದು ನಮ್ಮ ಹುಡುಗನದಲ್ಲ." ಆ ಮಾತು ನಿಜವಿರಬಹುದು. ಆದರೆ ಅದನ್ನು ಜಡ್ಜ್ ಮುಂದೆ ನಿಲ್ಲಿಸಲು ಕಾಗದ ಬೇಕು. ಆ ಕಾಗದದ ಬಹುಪಾಲು ಮೊದಲ ಒಂದೆರಡು ವಾರದಲ್ಲೇ ಕೈತಪ್ಪಿ ಹೋಗುತ್ತದೆ.

ಮೊದಲ 24 ಗಂಟೆ

ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಮಾತ್ರ ಇದರಲ್ಲಿ ಸೇರುವುದಿಲ್ಲ. ಇದು ಸಂವಿಧಾನದ 22ನೇ ವಿಧಿ ಕೊಟ್ಟ ಹಕ್ಕು. ಯಾಕೆ ಬಂಧಿಸಿದ್ದೇವೆ ಅನ್ನುವುದನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಮನೆಯವರಿಗೋ ಸ್ನೇಹಿತರಿಗೋ ವಿಷಯ ತಿಳಿಸುವುದೂ ಪೊಲೀಸರ ಕರ್ತವ್ಯ. ವಿಚಾರಣೆ ನಡೆಯುವಾಗ ವಕೀಲರನ್ನು ಭೇಟಿಯಾಗುವ ಹಕ್ಕು ಹುಡುಗನಿಗಿದೆ.

ಠಾಣೆಗೆ ಹೋದ ಕೂಡಲೇ ಕೂಗಾಡಬೇಡಿ, ಅಳುತ್ತಾ ಕೂರಲೂ ಬೇಡಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಹುಡುಗನನ್ನು ಎಷ್ಟು ಗಂಟೆಗೆ ಕರೆದೊಯ್ದರು, ಫೋನ್ ಎಷ್ಟಕ್ಕೆ ಬಂತು, ಪಕ್ಕದ ಮನೆಯವರು ಏನು ನೋಡಿದರು, ಎಷ್ಟು ಜನ ಪೊಲೀಸರು ಬಂದಿದ್ದರು, ಸಮವಸ್ತ್ರದಲ್ಲಿದ್ದರಾ, ವಿಡಿಯೋ ಮಾಡಿದರಾ, ಎಲ್ಲ ಬರೆಯಿರಿ. ಸಮಯದ ಸಮೇತ ಬರೆಯಿರಿ. ಒಂದು ವರ್ಷ ಕಳೆದ ಮೇಲೆ ಸಾಕ್ಷಿಯ ಪಾಟಿ ಸವಾಲು ನಡೆಯುವಾಗ ಈ ನೋಟ್‌ಬುಕ್ ನಿಮ್ಮ ವಕೀಲರ ದೊಡ್ಡ ಆಸ್ತಿ.

ಹುಡುಗನಿಗೆ ಹೇಳಬೇಕಾದ್ದು ಮೂರೇ. ಹೆಸರು, ವಿಳಾಸ ಸರಿಯಾಗಿ ಹೇಳು. ಉಳಿದದ್ದಕ್ಕೆ "ನನ್ನ ವಕೀಲರ ಜೊತೆ ಮಾತಾಡಿದ ಮೇಲೆ ಹೇಳುತ್ತೇನೆ" ಅನ್ನು. ಓದದೆ ಸಹಿ ಹಾಕಬೇಡ, ಖಾಲಿ ಹಾಳೆಗಂತೂ ಬೇಡವೇ ಬೇಡ. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ, 20(3)ನೇ ವಿಧಿ ಅದನ್ನೇ ಹೇಳುತ್ತದೆ. ಬೆಂಗಳೂರಿನಲ್ಲಿ ಇನ್ನೊಂದು ತೊಂದರೆ ಇದೆ. ಬಿಹಾರದಿಂದಲೋ ಕೇರಳದಿಂದಲೋ ಓದಲು ಬಂದ ಹುಡುಗರು ಕನ್ನಡದಲ್ಲಿ ಬರೆದ ಮಹಜರಿಗೆ (ಶೋಧ, ಜಪ್ತಿಯ ವಿವರ ಬರೆದ ಪತ್ರ) ಏನೂ ಅರ್ಥವಾಗದೆ ಸಹಿ ಹಾಕಿರುತ್ತಾರೆ. ಹಾಗಾಗಿದ್ದರೆ ಮೊದಲ ಹಾಜರಾತಿಯ ದಿನವೇ ಮ್ಯಾಜಿಸ್ಟ್ರೇಟ್‌ಗೆ ಹೇಳಬೇಕು. ಹೊಡೆದಿದ್ದರೂ ಆಗಲೇ ಹೇಳಬೇಕು. ಅದು ಆರ್ಡರ್ ಶೀಟಿನಲ್ಲಿ ದಾಖಲಾಗಬೇಕು. ಆರು ತಿಂಗಳ ನಂತರ ಹೇಳಿದರೆ "ಇದನ್ನು ಈಗ ಹೊಸದಾಗಿ ಹುಟ್ಟಿಸಿದ್ದಾರೆ" ಅನ್ನುತ್ತಾರೆ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ 15100ಕ್ಕೆ ಫೋನ್ ಮಾಡಿ. ಇದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಬಂಧನದಲ್ಲಿರುವ ಯಾರಿಗೇ ಆದರೂ, ಆದಾಯ ನೋಡದೆ, ಉಚಿತ ವಕೀಲರು ಸಿಗುತ್ತಾರೆ. "ಇಷ್ಟು ಕೊಡಿ, ಹೆಸರು ತೆಗೆಸುತ್ತೇವೆ" ಅಂತ ಬರುವ ದಲ್ಲಾಳಿಗಳನ್ನು ಮಾತ್ರ ಹತ್ತಿರ ಸೇರಿಸಬೇಡಿ. ಇಂಥವರಿಗೆ ಹೆಂಡತಿಯ ಬಳೆ ಮಾರಿ ದುಡ್ಡು ಕೊಟ್ಟ ಒಬ್ಬ ತಂದೆಯನ್ನು ನಾನು ನೋಡಿದ್ದೇನೆ. ಹೆಸರು ಎಫ್‌ಐಆರ್‌ನಲ್ಲಿ ಹಾಗೇ ಇತ್ತು.

ತೂಕ ನೋಡಿ

ಮಾದಕ ವಸ್ತುಗಳ ಕೇಸು ನಡೆಯುವುದು ಎನ್‌ಡಿಪಿಎಸ್ ಕಾಯ್ದೆ, 1985ರ ಅಡಿ. ಅದರಲ್ಲಿ ಎಲ್ಲವೂ ತೂಕದ ಮೇಲೆ ನಿಂತಿದೆ. ಗಾಂಜಾ 1 ಕೆಜಿಗಿಂತ ಕಡಿಮೆ ಇದ್ದರೆ ಸಣ್ಣ ಪ್ರಮಾಣ. ಅದಕ್ಕೆ ಗರಿಷ್ಠ 1 ವರ್ಷ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕೆಜಿ ಮೀರಿದರೆ ವಾಣಿಜ್ಯ ಪ್ರಮಾಣ. ಅಲ್ಲಿ ಕನಿಷ್ಠ ಶಿಕ್ಷೆಯೇ 10 ವರ್ಷ, ಗರಿಷ್ಠ 20 ವರ್ಷ. ಇವೆರಡರ ನಡುವಿನದಕ್ಕೆ 10 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ನಮ್ಮ ಎ3ನ ಕೇಸು ಈ ನಡುವಿನದು.

ರಾಸಾಯನಿಕ ಮಾದಕಗಳ ಲೆಕ್ಕವೇ ಬೇರೆ. ಎಂಡಿಎಂಎ 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ. ಎಲ್‌ಎಸ್‌ಡಿ 0.1 ಗ್ರಾಂ ದಾಟಿದರೆ ಸಾಕು. "ಒಂದು ಚಿಕ್ಕ ಪೊಟ್ಟಣ ತಾನೇ" ಅಂದುಕೊಂಡು ಸುಮ್ನೆ ಕೂರಬೇಡಿ.

ಗಾಂಜಾ ಅಂದರೆ ಏನು ಅನ್ನುವುದನ್ನೂ ಕಾಯ್ದೆಯೇ ಹೇಳಿದೆ. ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು ಮಾತ್ರ ಗಾಂಜಾ. ತುದಿಯಿಲ್ಲದ ಬರೀ ಎಲೆ, ಬೀಜ ಗಾಂಜಾ ಅಲ್ಲ. ಎಲೆ, ಕಾಂಡ, ಬೀಜ ಎಲ್ಲವನ್ನೂ ಒಟ್ಟಿಗೆ ತೂಗಿ ಒಂದೂವರೆ ಕೆಜಿ ಅಂತ ಬರೆದಿದ್ದಾರಾ? ತುದಿಗಳ ತೂಕ ಬೇರೆ ತೆಗೆದಿದ್ದಾರಾ? ಈ ಪ್ರಶ್ನೆ ಎತ್ತಲೇಬೇಕು. 1 ಕೆಜಿಯ ಗೆರೆಯ ಆಚೆ ಈಚೆ ಇರುವ ಕೇಸಿನಲ್ಲಿ ಇದರಿಂದ ಕೇಸಿನ ದಿಕ್ಕೇ ಬದಲಾಗಬಹುದು.

‘ವಶ’ ಅನ್ನುವ ಪದ

ಇಡೀ ಕೇಸು ಈ ಒಂದು ಪದದ ಮೇಲೆ ನಿಂತಿದೆ. ವಸ್ತು ಹತ್ತಿರ ಇತ್ತು ಅನ್ನುವುದು ಬೇರೆ, ಅದು ನನ್ನ ವಶದಲ್ಲಿತ್ತು ಅನ್ನುವುದು ಬೇರೆ. ವಶ ಅನ್ನಿಸಿಕೊಳ್ಳಬೇಕಾದರೆ ಎರಡು ಸಂಗತಿ ಬೇಕು. ಆ ವಸ್ತು ಅಲ್ಲಿದೆ ಅಂತ ಗೊತ್ತಿರಬೇಕು. ಅದರ ಮೇಲೆ ಹಿಡಿತವೂ ಇರಬೇಕು. ಇಂಥ ಅರಿವುಳ್ಳ ವಶವನ್ನೇ ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಕೇಳಿದೆ.

ಎದುರು ಕಡೆಯವರಿಗೂ ಬಲವಾದ ಆಯುಧಗಳಿವೆ, ಅದನ್ನು ಮುಚ್ಚಿಡುವುದಿಲ್ಲ. ಎನ್‌ಡಿಪಿಎಸ್ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ, ಮಾದಕ ವಸ್ತು ವಶದಲ್ಲಿತ್ತು ಅಂತ ಸಾಬೀತಾದರೆ ಅದಕ್ಕೆ ಆರೋಪಿಯೇ ವಿವರಣೆ ಕೊಡಬೇಕು. 35ನೇ ಸೆಕ್ಷನ್ ಪ್ರಕಾರ, ಅವನಿಗೆ ಗೊತ್ತಿತ್ತು ಅಂತಲೇ ಕೋರ್ಟ್ ಭಾವಿಸಬೇಕು, ಗೊತ್ತಿರಲಿಲ್ಲ ಅಂತ ತೋರಿಸುವುದು ಅವನ ಹೊಣೆ. ಆದರೆ ಈ ಊಹೆಗಳು ತಾವಾಗಿ ಎದ್ದು ನಿಲ್ಲುವುದಿಲ್ಲ. ಮೂಲ ಸಂಗತಿಗಳನ್ನು ಮೊದಲು ಸರ್ಕಾರದ ಕಡೆಯವರೇ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕು ಎಂದು 2008ರಲ್ಲಿ ನೂರ್ ಆಗಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆರೋಪಿಯ ಮೇಲಿನ ಹೊರೆ ಅಷ್ಟು ಭಾರದ್ದಲ್ಲ. ತನ್ನ ವಿವರಣೆ ನಂಬುವಂತಿದೆ ಅಂತ ತೋರಿಸಿದರೆ ಸಾಕು.

ನಮಗೆ ಹತ್ತಿರದ ಒಂದು ತೀರ್ಪು ಇದೆ. ಮಧ್ಯಪ್ರದೇಶದ ಒಂದು ಮನೆಯಲ್ಲಿ 48 ಕೆಜಿಗೂ ಹೆಚ್ಚು ಗಾಂಜಾ ಸಿಕ್ಕಿತ್ತು. ಪೊಲೀಸರು 2008ರ ಮತದಾರರ ಪಟ್ಟಿ ನೋಡಿ ಮನೆ ಗಂಗಾಧರ್ ಅನ್ನುವವರದು ಅಂತ ತೀರ್ಮಾನಿಸಿದರು. ಅವರು 2009ರಲ್ಲೇ ಆ ಮನೆಯನ್ನು ಇನ್ನೊಬ್ಬರಿಗೆ ಕರಾರುಪತ್ರ ಬರೆದು ಮಾರಿದ್ದರು. ಆ ಪತ್ರವನ್ನು ತಾವಾಗಿಯೇ ಮುಂದಿಟ್ಟಿದ್ದರು. ಆದರೂ ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು, ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಮನೆ ಯಾರ ವಶದಲ್ಲಿತ್ತು ಅನ್ನುವುದನ್ನೇ ಸರಿಯಾಗಿ ತನಿಖೆ ಮಾಡಿಲ್ಲ ಅಂದಿತು. ಅಷ್ಟು ವರ್ಷ ಹೋರಾಡುವಾಗ ಆ ಮನುಷ್ಯನ ಕೈಯಲ್ಲಿದ್ದ ಮುಖ್ಯ ಆಧಾರ ಒಂದು ಕರಾರುಪತ್ರ. ಅದನ್ನು ಜೋಪಾನ ಮಾಡಿದ್ದಕ್ಕೆ ಅವರು ಹೊರಬಂದರು.

ಕಣ್ಣಾರೆ ಕಂಡವರಿಲ್ಲದೆ ಸಂದರ್ಭಗಳಿಂದ ಊಹಿಸುವ ಸಾಂದರ್ಭಿಕ ಸಾಕ್ಷ್ಯಕ್ಕೆ ಅಳತೆಗೋಲು 1984ರ ಶರದ್ ಬಿರ್ಧಿಚಂದ್ ಸಾರ್ದಾ ತೀರ್ಪು. ಅದು ಕೊಲೆ ಕೇಸು, ಆದರೆ ಸೂತ್ರ ಎಲ್ಲಕ್ಕೂ ಅನ್ವಯಿಸುತ್ತದೆ. ಪ್ರತಿ ಸಂಗತಿಯೂ ಸಾಬೀತಾಗಬೇಕು. ಎಲ್ಲ ಸೇರಿ ತುಂಡಾಗದ ಸರಪಳಿ ಆಗಬೇಕು. ಆರೋಪಿಯೇ ಮಾಡಿದ್ದು ಅನ್ನುವುದನ್ನು ಬಿಟ್ಟು ಬೇರೆ ಯಾವ ಸಾಧ್ಯತೆಗೂ ಜಾಗ ಇರಬಾರದು. ಅಟ್ಟದ ಮೇಲಿನ ಗಾಂಜಾವನ್ನು ಎ1 ಇಟ್ಟಿರಬಹುದು, ಎ2 ಇಟ್ಟಿರಬಹುದು, ಮುಂಚೆ ಇದ್ದು ಹೋದವನು ಬಿಟ್ಟುಹೋಗಿರಬಹುದು. ಈ ಸಾಧ್ಯತೆಗಳನ್ನು ಪೊಲೀಸರು ಮುಚ್ಚಬೇಕು. ಮುಚ್ಚಿಲ್ಲ ಅಂತ ತೋರಿಸುವುದು ನಿಮ್ಮ ಕೆಲಸ.

ನಿಮ್ಮ ಕಡೆಯ ಕಾಗದ ಈ ವಾರವೇ ಕೂಡಿಸಿ

ಮೊದಲು ಬಾಡಿಗೆ ಕರಾರು. ಅದು ಯಾರ ಹೆಸರಿನಲ್ಲಿದೆ? ನಮ್ಮ ಎ3ನ ಹೆಸರು ಅದರಲ್ಲಿ ಇಲ್ಲದಿದ್ದರೆ ಅದು ಮುಖ್ಯ ಸಂಗತಿ. ಅವನು ಮನೆಗೆ ಬಂದ ದಿನವನ್ನು ತೋರಿಸುವ ಏನಾದರೂ ಬೇಕು. ಬಸ್ ಟಿಕೆಟ್, ಹಳೆ ಪಿಜಿ ಬಿಟ್ಟ ರಸೀದಿ, ಸಾಮಾನು ಸಾಗಿಸಿದ ಗಾಡಿಯ ಬಿಲ್ಲು, ಮನೆ ಮಾಲೀಕರಿಗೆ ಕಳಿಸಿದ ಮೆಸೇಜು. ಕಾಲೇಜಿನ ಹಾಜರಾತಿ ಅಥವಾ ಆಫೀಸಿನ ಪಂಚಿಂಗ್ ದಾಖಲೆಯೂ ಇರಲಿ. ದಾಳಿಯ ದಿನ ಅವನು ಎಷ್ಟು ಹೊತ್ತಿಗೆ ಮನೆಗೆ ಬಂದ ಅಂತ ಅದು ಹೇಳುತ್ತದೆ.

ಆಮೇಲೆ ಮನೆಯ ನಕ್ಷೆ. ಕೈಯಲ್ಲೇ ಬರೆಯಿರಿ, ಪರವಾಗಿಲ್ಲ. ಯಾರ ಮಂಚ ಎಲ್ಲಿ, ಯಾರ ಬೀರು ಯಾವುದು, ಬೀಗದ ಕೈ ಯಾರ ಹತ್ತಿರ, ಅಟ್ಟಕ್ಕೆ ಏಣಿ ಬೇಕಾ. ಹಾಲ್ ಎಲ್ಲರೂ ಬಳಸುವ ಜಾಗ. ಅಲ್ಲಿ ಸಿಕ್ಕಿದ್ದಕ್ಕೂ ಅವನ ಬೀಗ ಹಾಕಿದ ಬೀರುವಿನಲ್ಲಿ ಸಿಗುವುದಕ್ಕೂ ಕಾನೂನಿನಲ್ಲಿ ಅಜಗಜಾಂತರ. ಆ ಹಳೆ ಸೂಟ್‌ಕೇಸ್ ಯಾರದು? ಅದನ್ನು ಜಪ್ತಿ ಮಾಡಿದ್ದಾರಾ? ಪೊಟ್ಟಣದ ಮೇಲೆ ಬೆರಳಚ್ಚು ತೆಗೆದಿದ್ದಾರಾ? ತೆಗೆದಿಲ್ಲದಿದ್ದರೆ ಯಾಕೆ ತೆಗೆದಿಲ್ಲ ಅಂತ ಮುಂದೆ ತನಿಖಾಧಿಕಾರಿಯನ್ನು ಕೇಳಬಹುದು.

ಸಿಸಿಟಿವಿ ವಿಷಯದಲ್ಲಿ ಒಂದು ದಿನವೂ ಕಾಯಬೇಡಿ. ಅಪಾರ್ಟ್‌ಮೆಂಟಿನ, ಎದುರಿನ ಅಂಗಡಿಯ ದೃಶ್ಯಗಳು ಕೆಲವೇ ವಾರಗಳಲ್ಲಿ ತಾವಾಗಿ ಅಳಿಸಿಹೋಗುತ್ತವೆ. "ಇಂಥ ದಿನದ, ಇಷ್ಟರಿಂದ ಇಷ್ಟು ಗಂಟೆಯ ದೃಶ್ಯ ಉಳಿಸಿಡಿ" ಅಂತ ಪತ್ರ ಬರೆದು ಸ್ವೀಕೃತಿ ತೆಗೆದುಕೊಳ್ಳಿ. ಜೊತೆಗೆ ಕೋರ್ಟಿನಲ್ಲಿ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್‌ನ 94ನೇ ಸೆಕ್ಷನ್ ಅಡಿ ಅರ್ಜಿ ಹಾಕಲು ವಕೀಲರಿಗೆ ಹೇಳಿ. ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು, ತೀರಾ ಆಗದಿದ್ದರೆ ಕನಿಷ್ಠ 1 ವರ್ಷ ಇಡಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಮಧ್ಯಾಹ್ನ ಮೂರಕ್ಕೇ ಹುಡುಗನನ್ನು ಠಾಣೆಗೆ ತಂದು, ಸಂಜೆ ಏಳಕ್ಕೆ ಮನೆಯಲ್ಲಿ ಹಿಡಿದೆವು ಅಂತ ಬರೆದಿದ್ದರೆ, ಸುಳ್ಳು ಹೊರಬರುವುದು ಅಲ್ಲೇ. ದಾಳಿ ಮಾಡಿದ ಅಧಿಕಾರಿಗಳ ಮೊಬೈಲ್ ಟವರ್ ವಿವರ ತರಿಸಲೂ ಎನ್‌ಡಿಪಿಎಸ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿದೆ.

ಹುಡುಗನ ಫೋನಿನಿಂದ, ಗೂಗಲ್ ಖಾತೆಯಿಂದ ಏನನ್ನೂ ಅಳಿಸಬೇಡಿ. ಭಯಕ್ಕೆ ಅಳಿಸಿದ್ದು ಕೋರ್ಟಿಗೆ ತಪ್ಪಿನ ಗುರುತಾಗಿ ಕಾಣುತ್ತದೆ. ಅದು ಬೇರೆಯೇ ಒಂದು ಅಪರಾಧವೂ ಆಗಬಹುದು.

ಮಹಜರನ್ನು ಸಾಲು ಸಾಲಾಗಿ ಓದಿ

ಎಫ್‌ಐಆರ್, ಜಪ್ತಿ ಮಹಜರು, ರಿಮ್ಯಾಂಡ್ ಅರ್ಜಿ (ಹುಡುಗನನ್ನು ಬಂಧನದಲ್ಲಿಡಲು ಪೊಲೀಸರು ಕೋರ್ಟಿಗೆ ಹಾಕುವ ಅರ್ಜಿ), ಈ ಮೂರರ ನಕಲನ್ನೂ ಪಡೆಯಿರಿ. ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಓದಿ. ಸಮಯ, ತೂಕ, ಜಾಗ, ಪಂಚರ (ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದವರ) ಹೆಸರು ಮೂರರಲ್ಲೂ ಒಂದೇ ಇದೆಯಾ? ಒಂದರಲ್ಲಿ ‘ಅಟ್ಟದ ಮೇಲೆ’, ಇನ್ನೊಂದರಲ್ಲಿ ‘ಮಂಚದ ಕೆಳಗೆ’ ಅಂತಿದ್ದರೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ.

ಇಲ್ಲಿ ಜಾಸ್ತಿ ಜನ ಎಡವುವ ಒಂದು ವಿಷಯ ಇದೆ. ಎನ್‌ಡಿಪಿಎಸ್ ಕಾಯ್ದೆಯ 50ನೇ ಸೆಕ್ಷನ್ ಬಗ್ಗೆ ಎಲ್ಲರೂ ಕೇಳಿರುತ್ತಾರೆ. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ತಪಾಸಣೆ ಕೇಳುವ ಹಕ್ಕು ಅದು. ಆ ಹಕ್ಕು ನಿನಗಿದೆ ಅಂತ ಪೊಲೀಸರು ಹೇಳಲೇಬೇಕು. ಆದರೆ ಅದು ಮೈ ತಪಾಸಣೆಗೆ ಮಾತ್ರ. ಬ್ಯಾಗು, ಬೈಕಿನ ಸೀಟು, ಅಟ್ಟ, ಇವಕ್ಕೆ ಅನ್ವಯಿಸುವುದಿಲ್ಲ. ಅಟ್ಟದ ಮೇಲೆ ಸಿಕ್ಕಿದ ಕೇಸಿನಲ್ಲಿ 50ನೇ ಸೆಕ್ಷನ್ ಹಿಡಿದು ಕೂತರೆ ಸಮಯ ವ್ಯರ್ಥ.

ಮನೆ ಶೋಧಕ್ಕೆ ನೋಡಬೇಕಾದ್ದು 42ನೇ ಸೆಕ್ಷನ್. ಬಾತ್ಮಿ ಬಂದಿದ್ದರೆ ಅಧಿಕಾರಿ ಅದನ್ನು ಬರೆದಿಡಬೇಕು. 72 ಗಂಟೆಯೊಳಗೆ ಅದರ ನಕಲು ಮೇಲಧಿಕಾರಿಗೆ ಹೋಗಬೇಕು. ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ಒಳಗೆ ಬಂದಿದ್ದರೆ ಅದಕ್ಕೆ ಕಾರಣ ಬರೆದಿರಬೇಕು. ಇದನ್ನು ಪೂರ್ತಿ ಬಿಟ್ಟುಬಿಟ್ಟಿದ್ದರೆ ಒಪ್ಪಲಾಗದು, ತುರ್ತಿನಲ್ಲಿ ತಡವಾಗಿದ್ದರೆ ವಿವರಣೆ ಕೊಟ್ಟರೆ ಒಪ್ಪಬಹುದು ಎಂದು 2009ರಲ್ಲಿ ಕರ್ನೈಲ್ ಸಿಂಗ್ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿದೆ. ನಮ್ಮ ಎ3ನ ಮನೆಗೆ ಅವರು ಬಂದದ್ದು ಸಂಜೆ. ಆರಕ್ಕೋ ಏಳಕ್ಕೋ ಅನ್ನುವುದು ಈಗ ಎಷ್ಟು ಮುಖ್ಯ ನೋಡಿ. ನೋಟ್‌ಬುಕ್ ತೆಗೆಯಿರಿ ಅಂದಿದ್ದು ಇದಕ್ಕೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್‌ನ 105ನೇ ಸೆಕ್ಷನ್ ಶೋಧ ಮತ್ತು ಜಪ್ತಿಯ ವಿಡಿಯೋ ಮಾಡಬೇಕು ಅನ್ನುತ್ತದೆ. ಆ ವಿಡಿಯೋ ಕೇಳಿ. ಮಾಡಿಲ್ಲ ಅಂದರೆ ಅದನ್ನೂ ದಾಖಲೆಗೆ ತನ್ನಿ.

ಕೊನೆಗೆ ಮುದ್ದೆಮಾಲಿನ, ಅಂದರೆ ಜಪ್ತಿಯಾದ ವಸ್ತುವಿನ ಪ್ರಯಾಣ. ಸೀಲ್ ಯಾರು ಹಾಕಿದರು, ಮಾಲ್‌ಖಾನೆ (ಜಪ್ತಿ ವಸ್ತು ಇಡುವ ಕೋಣೆ) ರಿಜಿಸ್ಟರಿನಲ್ಲಿ ಯಾವತ್ತು ಬರೆದರು, ಮ್ಯಾಜಿಸ್ಟ್ರೇಟ್ ಎದುರು ಮಾದರಿ ತೆಗೆದರಾ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಯಾವತ್ತು ತಲುಪಿತು. 52ಎ ಸೆಕ್ಷನ್ ಮತ್ತು 2022ರ ನಿಯಮಗಳು ಇದನ್ನೆಲ್ಲ ಹೇಳುತ್ತವೆ. ಗಾಂಜಾ ಆದರೆ ಪ್ರತಿ ಮಾದರಿ 24 ಗ್ರಾಂ. ಆದರೆ ಈ ಒಂದು ಲೋಪದಿಂದಲೇ ಕೇಸು ಬಿದ್ದುಹೋಗುವುದಿಲ್ಲ ಅಂತ 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಇದನ್ನು ಬೇರೆ ಅಂಶಗಳ ಜೊತೆ ಸೇರಿಸಿ ವಾದಿಸಬೇಕು.

ಸಹ ಆರೋಪಿಯ ಹೇಳಿಕೆ, ವಾಟ್ಸಾಪ್, ಯುಪಿಐ

"ಎ1 ಕೊಟ್ಟ ಸ್ವಇಚ್ಛಾ ಹೇಳಿಕೆಯಲ್ಲಿ ಎ3 ಕೂಡ ಪಾಲುದಾರ ಅಂತ ಹೇಳಿದ್ದಾನೆ." ಈ ಸಾಲು ಓದಿ ಎಷ್ಟೋ ಮನೆಯವರು ಕುಸಿದುಬಿಡುತ್ತಾರೆ. ಕುಸಿಯಬೇಕಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಕೇಂದ್ರದ ಮಾದಕ ವಸ್ತು ನಿಯಂತ್ರಣ ಸಂಸ್ಥೆ ಎನ್‌ಸಿಬಿಯಂಥವು 67ನೇ ಸೆಕ್ಷನ್ ಅಡಿ ಬರೆಸಿಕೊಳ್ಳುವ ತಪ್ಪೊಪ್ಪಿಗೆಯೂ ಆಗುವುದಿಲ್ಲ. 2020ರ ಅಕ್ಟೋಬರ್ 29ರ ತೂಫಾನ್ ಸಿಂಗ್ ತೀರ್ಪು ಇದನ್ನು ಹೇಳಿತು. ಅದನ್ನೇ ಆಧರಿಸಿ, ಕರ್ನಾಟಕ ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು ಪ್ರಶ್ನಿಸಿದ್ದ ಬೆಂಗಳೂರು ಎನ್‌ಸಿಬಿಯ ಮನವಿಯನ್ನು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಹೇಳಿಕೆ ಬಿದ್ದ ಮೇಲೆ ಉಳಿಯುವುದು ಫೋನ್ ಮತ್ತು ದುಡ್ಡು. ಎ3 ಆ ತಿಂಗಳು ಎ1ಗೆ 7,000 ರೂಪಾಯಿ ಗೂಗಲ್ ಪೇ ಮಾಡಿದ್ದಾನೆ. ಪೊಲೀಸರಿಗೆ ಅದು ಗಾಂಜಾ ದುಡ್ಡು. ನಿಮಗೆ ಅದು ಬಾಡಿಗೆ. ಹಾಗಾದರೆ ಒಟ್ಟು ಬಾಡಿಗೆ 21,000 ಅಂತ ಕರಾರು ತೋರಿಸಿ. ಎ2 ಕೂಡ ಅಷ್ಟೇ ಕಳಿಸಿದ್ದನ್ನು ತೋರಿಸಿ. ಎ1 ಅದನ್ನು ಮಾಲೀಕರಿಗೆ ಕಟ್ಟಿದ್ದನ್ನು ತೋರಿಸಿ. ಇಷ್ಟು ಮಾಡಿದರೆ ಸರಪಳಿಯ ಒಂದು ಕೊಂಡಿ ಅಲ್ಲೇ ಕಳಚಿತು. ವಾಟ್ಸಾಪ್ ಸಂದೇಶದ ಒಂದೇ ಸಾಲು ಎತ್ತಿ ಹಾಕಿದ್ದರೆ ಹಿಂದಿನ ಮುಂದಿನ ಮಾತೂ ಬೇಕು ಅಂತ ಕೇಳಿ. ಡಿಜಿಟಲ್ ದಾಖಲೆಗೆ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಮಾಣಪತ್ರ ಇದೆಯಾ ಅಂತಲೂ ನೋಡಿ.

ರಕ್ತ, ಮೂತ್ರ ಪರೀಕ್ಷೆಯಲ್ಲಿ ಅಂಶ ಸಿಕ್ಕಿದ್ದರೆ? ಅದು ಸೇವನೆಯ ಮಾತು, 27ನೇ ಸೆಕ್ಷನ್. ಸೇದಿದ್ದಾನೆ ಅನ್ನುವುದರಿಂದ ಅಟ್ಟದ ಒಂದೂವರೆ ಕೆಜಿ ಅವನದಾಗುವುದಿಲ್ಲ. ಆದರೆ ನಿಜವನ್ನು ವಕೀಲರಿಂದ ಮುಚ್ಚಿಡಬೇಡಿ. ಹುಡುಗ ನಿಜವಾಗಿಯೂ ವ್ಯಸನಕ್ಕೆ ಬಿದ್ದಿದ್ದು, ಕೇಸು ಸೇವನೆ ಅಥವಾ ಸಣ್ಣ ಪ್ರಮಾಣದ್ದಾಗಿದ್ದರೆ, 64ಎ ಸೆಕ್ಷನ್ ಇದೆ. ತಾನಾಗಿ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರ್ತಿ ಮಾಡಿದವನಿಗೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಇದು ನಾಚಿಕೆಪಡುವ ದಾರಿ ಅಲ್ಲ.

ಜಾಮೀನು

ವಾಣಿಜ್ಯ ಪ್ರಮಾಣವಾದರೆ 37ನೇ ಸೆಕ್ಷನ್ ಅಡ್ಡ ಬರುತ್ತದೆ. ಇವನು ತಪ್ಪಿತಸ್ಥನಲ್ಲ, ಹೊರಬಂದರೆ ಮತ್ತೆ ತಪ್ಪು ಮಾಡುವುದಿಲ್ಲ ಅಂತ ನಂಬಲು ಜಡ್ಜ್‌ಗೆ ಕಾರಣ ಇರಬೇಕು. ನಮ್ಮ ಎ3ನ ಕೇಸಿಗೆ ಈ ಕಟ್ಟು ಇಲ್ಲ. ಹನ್ನೆರಡು ದಿನದ ವಾಸ, ಹಾಲ್‌ನಲ್ಲಿ ಸಿಕ್ಕಿದ್ದು, ಮೈಮೇಲೆ ಏನೂ ಇಲ್ಲ, ಹಿಂದೆ ಕೇಸಿಲ್ಲ, ಕಾಲೇಜಿಗೆ ಹೋಗುತ್ತಿದ್ದಾನೆ. ಕೂಡಿಸಿದ ಕಾಗದವನ್ನೆಲ್ಲ ಜಾಮೀನು ಅರ್ಜಿಗೇ ಲಗತ್ತಿಸಿ. ಬೆಂಗಳೂರಿನಲ್ಲಿ ಎನ್‌ಡಿಪಿಎಸ್ ವಿಶೇಷ ನ್ಯಾಯಾಲಯ ಇದೆ. ಅಲ್ಲಿ ಆಗದಿದ್ದರೆ ಹೈಕೋರ್ಟ್.

ಕ್ಯಾಲೆಂಡರಿನಲ್ಲಿ 60ನೇ ದಿನಕ್ಕೆ ಗುರುತು ಹಾಕಿ. 10 ವರ್ಷದವರೆಗಿನ ಶಿಕ್ಷೆಯ ಈ ಕೇಸಿನಲ್ಲಿ ಅಷ್ಟರೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಜಾಮೀನು ಹಕ್ಕಾಗುತ್ತದೆ. ವಾಣಿಜ್ಯ ಪ್ರಮಾಣಕ್ಕೆ ಇದು 180 ದಿನ, ಕೋರ್ಟು 1 ವರ್ಷದವರೆಗೂ ವಿಸ್ತರಿಸಬಹುದು. ಅರ್ಜಿ ಹಾಕುವ ಮೊದಲೇ ಚಾರ್ಜ್‌ಶೀಟ್ ಬಂದರೆ ಆ ಹಕ್ಕು ಹೋಯಿತು. ಆದ್ದರಿಂದ ಗಡುವು ಮುಗಿದ ಮರುದಿನ ಬೆಳಿಗ್ಗೆಯೇ ಅರ್ಜಿ ಕೋರ್ಟಿನಲ್ಲಿರಬೇಕು.

ಚಾರ್ಜ್‌ಶೀಟ್ ಬಂದ ಮೇಲೆ

ಚಾರ್ಜ್‌ಶೀಟಿನಲ್ಲಿ ಎ3ನ ವಿರುದ್ಧ ಇರುವುದು ಎ1ನ ಹೇಳಿಕೆ ಮಾತ್ರ ಅಂತ ಕಂಡರೆ, ಆರೋಪದಿಂದ ಕೈಬಿಡಲು ಬಿಎನ್‌ಎಸ್‌ಎಸ್ 250ನೇ ಸೆಕ್ಷನ್ ಅಡಿ ಅರ್ಜಿ ಹಾಕಬಹುದು. ಹೊಸ ಕಾನೂನಿನಲ್ಲಿ ಇದಕ್ಕೆ ಕಾಲಮಿತಿ ಇದೆ, ತಡ ಮಾಡಬೇಡಿ. ಕೇಸನ್ನೇ ರದ್ದು ಮಾಡಲು ಹೈಕೋರ್ಟಿಗೆ 528ನೇ ಸೆಕ್ಷನ್ ಅಡಿ ಹೋಗುವ ದಾರಿಯೂ ಇದೆ.

ವಿಚಾರಣೆಗೆ ಹೋದರೆ ಪಾಟಿ ಸವಾಲಿಗೆ ಮುಂಚೆ ವಕೀಲರ ಜೊತೆ ಒಂದು ಸಂಜೆ ಕೂತು ನೋಟ್‌ಬುಕ್, ನಕ್ಷೆ, ಕರಾರು ಎಲ್ಲ ಹರಡಿಕೊಳ್ಳಿ. ಪಂಚರು ಎಲ್ಲಿಯವರು? ಅದೇ ಠಾಣೆಯ ಬೇರೆ ಕೇಸುಗಳಲ್ಲೂ ಅವರೇ ಪಂಚರಾ? ಪಕ್ಕದ ಮನೆಯವರನ್ನು ಯಾಕೆ ಕರೆಯಲಿಲ್ಲ? ಮನೆ ಮಾಲೀಕರ ಹೇಳಿಕೆ ತೆಗೆದರಾ? ಮುಂಚೆ ಇದ್ದ ಬಾಡಿಗೆದಾರನನ್ನು ಹುಡುಕಿದರಾ? ಕೊನೆಗೆ ಜಡ್ಜ್ ನೇರವಾಗಿ ಆರೋಪಿಯನ್ನೇ ಪ್ರಶ್ನೆ ಕೇಳುತ್ತಾರೆ. ಆಗ ಎಲ್ಲಕ್ಕೂ "ಸುಳ್ಳು, ಗೊತ್ತಿಲ್ಲ" ಅಂತ ಹೇಳಿ ಬರುವುದು ನಮ್ಮಲ್ಲಿ ರೂಢಿ. ದಯವಿಟ್ಟು ಹಾಗೆ ಮಾಡಬೇಡಿ. "ನಾನು ಇಂಥ ದಿನ ಆ ಮನೆಗೆ ಬಂದೆ, ಒಳಗಿನ ಕೋಣೆಯಲ್ಲಿ ಮಲಗುತ್ತಿದ್ದೆ, ಆ ಅಟ್ಟವನ್ನು ಮುಟ್ಟಿಲ್ಲ, ಸೂಟ್‌ಕೇಸ್ ನನ್ನದಲ್ಲ" ಅಂತ ಹುಡುಗ ತನ್ನ ಮಾತಿನಲ್ಲಿ ಹೇಳಲಿ. ಬರಹದಲ್ಲೂ ಕೊಡಬಹುದು.

ಬಿಡುಗಡೆಯಾದ ದಿನ ಮನೆಗೆ ಓಡುವ ಅವಸರದಲ್ಲಿ ಎರಡು ಕೆಲಸ ಮರೆಯಬೇಡಿ. ಜಪ್ತಿಯಾದ ಫೋನು, ಲ್ಯಾಪ್‌ಟಾಪ್ ವಾಪಸ್ ಕೊಡಿಸಲು ಅರ್ಜಿ ಹಾಕಿಸಿ. ತೀರ್ಪಿನ ದೃಢೀಕೃತ ನಕಲು ಮೂರಾದರೂ ತೆಗೆಸಿ. ಪಾಸ್‌ಪೋರ್ಟಿಗೋ ಕೆಲಸಕ್ಕೋ ಪೊಲೀಸ್ ವೆರಿಫಿಕೇಷನ್ ಬಂದಾಗ ಹಳೆ ಎಫ್‌ಐಆರ್ ಮತ್ತೆ ಮೇಲೆ ಬರುತ್ತದೆ. ಆಗ ಕೊಡಲು ಒಂದು ನಕಲು ಹುಡುಗನ ಹತ್ತಿರ, ಒಂದು ಊರಿನ ಮನೆಯಲ್ಲಿ, ಒಂದು ವಕೀಲರ ಕಡತದಲ್ಲಿ ಇರಲಿ.